ಎರಡನೇ ಅಕ್ಷರ ಸಿಕ್ಕರೆ ಸಾಕು

ಮೊದಲ ಚೌಕ ಖಾಲಿ. ಎರಡನೆಯದರಲ್ಲಿ 'ಡು'. ಮೂರನೆಯದು ಮತ್ತೆ ಖಾಲಿ. ಸುಳಿವು: 'ಇಷ್ಟರೊಳಗೆ ಮುಗಿಸಬೇಕು ಎಂಬ ಮಿತಿ.'

ಪದಬಂಧದ ಚಟ ಇರುವವರು ಪೆನ್ನು ಎತ್ತುವ ಮೊದಲೇ 'ಗಡುವು' ಅಂದುಬಿಡುತ್ತಾರೆ. ಥಟ್ಟನೆ ಹೊಳೆಯದಿದ್ದರೆ ಹುಡುಕುವುದು ಎಲ್ಲಿ? ನಿಘಂಟು ತೆರೆದರೆ ಅದು ಮೊದಲ ಅಕ್ಷರ ಕೇಳುತ್ತದೆ. ನಮ್ಮ ಹತ್ತಿರ ಇಲ್ಲದೇ ಇರುವುದು ಅದೇ ಅಲ್ವಾ! ಅರ್ಥ ಗೊತ್ತಿದೆ, ನಡುವಿನ ಅಕ್ಷರ ಗೊತ್ತಿದೆ, ಎಷ್ಟು ಅಕ್ಷರ ಅಂತಲೂ ಗೊತ್ತಿದೆ. ಇಷ್ಟೆಲ್ಲ ಗೊತ್ತಿದ್ದರೂ ದಪ್ಪ ದಪ್ಪ ನಿಘಂಟುಗಳ ಮುಂದೆ ಸುಮ್ನೆ ಕೂರಬೇಕು.

ಇಂಗ್ಲಿಷಿನ ಆಟಗಾರರಿಗೆ ಈ ಕಷ್ಟ ಕಡಿಮೆ. ಗೊತ್ತಿಲ್ಲದ ಅಕ್ಷರದ ಜಾಗದಲ್ಲಿ ಪ್ರಶ್ನೆಚಿಹ್ನೆ ಹಾಕಿಕೊಟ್ಟರೆ ಹೊಂದುವ ಪದಗಳನ್ನೆಲ್ಲ ಸಾಲಾಗಿ ತೋರಿಸುವ ಜಾಲತಾಣಗಳು ಬೇಕಾದಷ್ಟಿವೆ. ಕಂಪ್ಯೂಟರ್ ಮನೆಮನೆಗೆ ಬರುವ ಮೊದಲೂ ಪದಬಂಧದವರಿಗೆಂದೇ ಮಾಡಿದ ಪುಸ್ತಕಗಳು ಅವರಲ್ಲಿದ್ದವು. ನಾಲ್ಕು ಅಕ್ಷರದ ಹಕ್ಕಿಗಳು, ಐದು ಅಕ್ಷರದ ನದಿಗಳು ಅಂತ ವಿಂಗಡಿಸಿದಂಥವು. ಆರ್ಥರ್ ವಿನ್ ಎಂಬಾತ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ವಜ್ರದ ಆಕಾರದ ಮೊದಲ ಪದಬಂಧ ಕೊಟ್ಟಾಗ ಅವನ ಕೈಯಲ್ಲಿ ಇದ್ದದ್ದು ಬರೀ 26 ಅಕ್ಷರ. ಒಂದು ಅಕ್ಷರಕ್ಕೆ ಒಂದು ಚೌಕ. ತಕರಾರೇ ಇಲ್ಲ.

ನಮ್ಮಲ್ಲಿ ತಕರಾರು ಚೌಕದಿಂದಲೇ ಶುರುವಾಗುತ್ತದೆ.

ನಾನು ಇರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ, ಕೆಲಸ ಮಂಗಳೂರಿನಲ್ಲಿ. ದಿನಾ ಎಕ್ಸ್‌ಪ್ರೆಸ್ ಬಸ್ಸು. ಜೊತೆಗೆ ಬರುವ ಗೆಳೆಯನಿಗೂ ಪದಬಂಧದ ಹುಚ್ಚು. ಪೇಪರಿನದ್ದು ಬೇಗ ಮುಗಿದುಹೋದರೆ ಬಸ್ಸು ನಿಲ್ಲುವ ಊರುಗಳ ಹೆಸರನ್ನೇ ಚೌಕಕ್ಕೆ ಹಾಕಿ ನೋಡುತ್ತೇವೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹೊರಟರೆ ಸುರತ್ಕಲ್: ಸು, ರ, ತ್ಕ, ಲ್. ನಾಲ್ಕು. ಕೊನೆಯ 'ಲ್' ಅರ್ಧ ಅಕ್ಷರ ಆದರೂ ಅದಕ್ಕೆ ಇಡೀ ಚೌಕ ಬೇಕು. 'ಬಸ್' ಅಂತ ಬರೆದರೂ ಹಾಗೇ, ಎರಡು ಚೌಕ. ಹಳೆಯಂಗಡಿಗೆ ಐದು, ಸೊನ್ನೆಗೆ ಸ್ವಂತ ಮನೆ ಇಲ್ಲ, ಅದು 'ಯ' ಜೊತೆಗೇ ಕೂರುತ್ತದೆ. ಮೂಲ್ಕಿ ಎರಡೇ. ಹೆಜಮಾಡಿ ನಾಲ್ಕು, ಪಡುಬಿದ್ರಿ ನಾಲ್ಕು, ಉಚ್ಚಿಲ ಮೂರು, ಕಾಪು ಎರಡು. ಕಟಪಾಡಿ ನಾಲ್ಕು, ಉದ್ಯಾವರ ನಾಲ್ಕು, ಉಡುಪಿ ಮೂರು.

ಹೆಜಮಾಡಿ ಮತ್ತು ಕಟಪಾಡಿಯನ್ನು ಒಂದರ ಕೆಳಗೆ ಒಂದು ಬರೆದು ನೋಡಿ. ಎರಡು ಗಿಡ್ಡ ಅಕ್ಷರ, ಒಂದು ದೀರ್ಘ, ಕೊನೆಗೆ 'ಡಿ'. ಒಂದೇ ಅಚ್ಚು. ಇಂಥದ್ದು ಕಣ್ಣಿಗೆ ಬಿದ್ದರೆ ನಮಗಿಬ್ಬರಿಗೂ ಏನೋ ಸಾಧಿಸಿದ ಖುಷಿ. ಕಂಡಕ್ಟರಿಗೆ ನಾವು ಯಾಕೆ ನಗುತ್ತೇವೆ ಅಂತ ಅರ್ಥ ಆಗುವುದಿಲ್ಲ, ಪಾಪ.

ಜಗಳ ಬರುವುದು ಮೂಡುಬಿದಿರೆಯಂಥ ಹೆಸರಿಗೆ. ಹೀಗೆ ಬರೆದರೆ ಐದು ಚೌಕ. ಜನ ಹೇಳುವ ಹಾಗೆ 'ಮೂಡುಬಿದ್ರೆ' ಅಂತ ಬರೆದರೆ ನಾಲ್ಕು. ಎರಡೂ ಬೋರ್ಡುಗಳಲ್ಲಿ ಉಂಟು. ಪದಬಂಧ ಮಾಡುವವರು ತಮಗೆ ಬೇಕಾದ್ದನ್ನು ಹಾಕುತ್ತಾರೆ. ಬಿಡಿಸುವವರು ಎರಡಕ್ಕೂ ತಯಾರಾಗಿರಬೇಕು.

ಈಗ ಲೆಕ್ಕಕ್ಕೆ ಬನ್ನಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ ಅಂತ ಶಾಲೆಯಲ್ಲಿ ಕಲಿತಿದ್ದೇವೆ. 13 ಸ್ವರ, 2 ಯೋಗವಾಹ, 34 ವ್ಯಂಜನ. ಆದರೆ ಚೌಕದೊಳಗೆ ಬಂದು ಕೂರುವುದು ವರ್ಣಮಾಲೆ ಅಲ್ಲ, ಕಾಗುಣಿತ. 34 ವ್ಯಂಜನಕ್ಕೆ 13 ಸ್ವರ ಸೇರಿಸಿದರೆ 442 ಆಯಿತು. ಮೇಲೆ ಸೊನ್ನೆ ಬೇರೆ, ಒತ್ತಕ್ಷರ ಬೇರೆ. 'ಲಕ್ಷ್ಮಿ'ಯ ಎರಡನೇ ಚೌಕದಲ್ಲಿ ಮೂರು ವ್ಯಂಜನ ಮತ್ತು ಒಂದು ಗುಡಿಸು ಒಟ್ಟಿಗೆ ಕೂತಿರುತ್ತವೆ. ಹಾಗಾಗಿ ಕನ್ನಡದಲ್ಲಿ ಪದಬಂಧ ಹೆಣೆಯುವುದು ಬಲು ಕಷ್ಟ. ಅಡ್ಡ ಪದವೂ ಉದ್ದ ಪದವೂ ಕೂಡುವ ಜಾಗದಲ್ಲಿ ಎರಡಕ್ಕೂ ಅದೇ ವ್ಯಂಜನ, ಅದೇ ಸ್ವರ, ಅದೇ ಒತ್ತು ಇರಬೇಕು. ನಮ್ಮ ಪದಬಂಧಗಳಲ್ಲಿ ಕಪ್ಪು ಚೌಕ ಜಾಸ್ತಿ ಕಾಣುವುದು ಇದಕ್ಕೇ ಅಂತ ನನಗನ್ನಿಸುತ್ತದೆ.

ಬಿಡಿಸುವವರಿಗೆ ಮಾತ್ರ ಇದರಿಂದ ಲಾಭ. ಇಂಗ್ಲಿಷಿನಲ್ಲಿ ನಡುವೆ ಒಂದು 'ಎ' ಸಿಕ್ಕರೆ ಏನೂ ಸಿಕ್ಕ ಹಾಗಲ್ಲ. ನಮ್ಮಲ್ಲಿ 'ಡು' ಸಿಕ್ಕರೆ ಅರ್ಧ ಪದವೇ ಕೈಗೆ ಬಂತು. ಆ ಮೂರು ಚೌಕಕ್ಕೆ ಏನೇನು ಹೊಂದುತ್ತದೆ ನೋಡಿ: ಗಡುವು, ಕಡುಬು, ಗಡುಸು, ಬಿಡುವು, ಸಿಡುಕು, ಕೆಡುಕು, ಗುಡುಗು, ಹುಡುಗಿ, ಉಡುಪು, ಮುಡುಪು, ಕೊಡುಗೆ, ತೊಡುಗೆ. ಇನ್ನೂ ಇವೆ, ಆದರೆ ನೂರಾರು ಇಲ್ಲ. ನಮ್ಮ ಊರಿನ ಹೆಸರೂ ಇದೇ ಸಾಲಿನದ್ದು.

ಈ ಪಟ್ಟಿಯಲ್ಲಿ ಇನ್ನೊಂದು ಸಂಗತಿ ಇದೆ. ಎಲ್ಲದರ ಮೊದಲ ಅಕ್ಷರವೂ ಗಿಡ್ಡ. ಗ, ಕ, ಬಿ, ಸಿ, ಕೆ, ಹು, ಕೊ. ಮೊದಲ ಅಕ್ಷರಕ್ಕೆ ದೀರ್ಘ ಕೊಟ್ಟರೆ ಕಾಡು, ನಾಡು, ಬೀಡು, ಗೂಡು, ತೋಡು ಅಂತ ಎರಡೇ ಚೌಕದಲ್ಲಿ ಪದ ಮುಗಿಯುವುದೇ ಜಾಸ್ತಿ. ಮೂರನೇ ಚೌಕ ಇದೆ ಅಂದರೆ ಮೊದಲನೆಯದಕ್ಕೆ ದೀರ್ಘದ ಅಕ್ಷರ ಹುಡುಕುತ್ತ ಕೂರುವುದು ಹೆಚ್ಚಿನ ಸಲ ದಂಡ. ಇದನ್ನು ಯಾವ ವ್ಯಾಕರಣದ ಪುಸ್ತಕವೂ ನನಗೆ ಹೇಳಿಕೊಟ್ಟದ್ದಲ್ಲ. ಹೇಳಿದವರು ನಮ್ಮ ಬೀದಿಯ ಮಾಷ್ಟ್ರು.

ಮಾಷ್ಟ್ರು ನಿವೃತ್ತರಾಗಿ ಬಹಳ ಕಾಲ ಆಯಿತು. ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಾರೆ. ಹವ್ಯಾಸಿ ತಂಡದವರು ಕೇಳಿದರೆ ಪ್ರಸಂಗಕ್ಕೆ ಪದ್ಯವನ್ನೂ ಬರೆದುಕೊಡುತ್ತಾರೆ. ಪದಬಂಧ ಅವರು ಮುಟ್ಟುವುದಿಲ್ಲ, 'ಅದು ಮಕ್ಕಳಾಟ' ಅನ್ನುತ್ತಾರೆ. ಆದರೆ ನಾನು ಎಲ್ಲಾದರೂ ಸಿಕ್ಕಿಬಿದ್ದು ಅವರ ಜಗಲಿಗೆ ಹೋದರೆ, ಸುಳಿವನ್ನು ಪೂರ್ತಿ ಓದುವ ಮೊದಲೇ ನಾಲ್ಕು ಪದ ಹೇಳಿ ಮುಗಿಸುತ್ತಾರೆ.

ಒಮ್ಮೆ ಕೇಳಿಯೇ ಬಿಟ್ಟೆ. "ಮಾಷ್ಟ್ರೆ, ಮೊದಲ ಅಕ್ಷರ ಇಲ್ಲದೆ ನಿಮಗೆ ಹೇಗೆ ಹೊಳೆಯುತ್ತದೆ?"

"ಮೊದಲ ಅಕ್ಷರ ಎಂತಕ್ಕೆ ಮಾರಾಯ?" ಅಂದರು. "ಪದ್ಯ ಕಟ್ಟುವವನಿಗೆ ಬೇಕಾದ್ದು ಎರಡನೆಯದು."

ಹೌದಲ್ಲ! ಹಳೆಗನ್ನಡದ ಕಾಲದಿಂದ ನಮ್ಮ ಕವಿಗಳು ಪಾಲಿಸಿಕೊಂಡು ಬಂದದ್ದು ಆದಿಪ್ರಾಸ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ಸ್ವರ ಬದಲಾದರೆ ಅಡ್ಡಿಯಿಲ್ಲ. ಕುಮಾರವ್ಯಾಸ ಭಾರತದ ಮೊದಲ ಪದ್ಯವನ್ನೇ ತೆಗೆದುಕೊಳ್ಳಿ. ಆರು ಸಾಲು ಶುರುವಾಗುವುದು ಹೀಗೆ: ಶ್ರೀವನಿತೆ, ಜೀವಪೀಠನ, ಪಾವನನೆ, ರಾವಣಾಸುರ, ಧಾವಿನೂತನ, ಕಾವುದಾನತ. ಎರಡನೇ ಜಾಗದಲ್ಲಿ ಆರೂ ಕಡೆ 'ವ'ಕಾರ. ಐದನೆಯದರಲ್ಲಿ ಅದು 'ವಿ' ಆಗಿದೆ, ಆರನೆಯದರಲ್ಲಿ 'ವು' ಆಗಿದೆ. ಮೊದಲ ಅಕ್ಷರ ಯಾವುದಾದರೂ ಆದೀತು, ಆದರೆ ಆರೂ ಕಡೆ ದೀರ್ಘ. ಈ ಅಚ್ಚಿಗೆ ಕೂರಿಸಲು ಕವಿ 'ರಾಜೀವ'ವನ್ನೇ ಸೀಳಿ 'ರಾ'ವನ್ನು ಮೇಲಿನ ಸಾಲಿಗೆ ಬಿಟ್ಟು 'ಜೀವ'ವನ್ನು ಕೆಳಗೆ ತಂದಿದ್ದಾನೆ. 'ಸುಧಾ'ದ ಗತಿಯೂ ಅದೇ. ಪದಬಂಧದ ಭಾಷೆಯಲ್ಲಿ ಹೇಳುವುದಾದರೆ: ಮೊದಲ ಚೌಕದಲ್ಲಿ ಯಾವುದೋ ಒಂದು ದೀರ್ಘಾಕ್ಷರ, ಎರಡನೆಯದರಲ್ಲಿ 'ವ'ಕಾರದ ಯಾವುದೋ ಒಂದು ರೂಪ, ಮುಂದೆ ಏನು ಬೇಕಾದರೂ. ಹೀಗೆ ಪದ್ಯಕ್ಕೆ ಆರು ಸಲ, ಪದ್ಯದ ಮೇಲೆ ಪದ್ಯ.

ಆಗ ಕವಿಗಳ ತಲೆಯಲ್ಲಿ ಪದಗಳು ಅಕಾರಾದಿಯಾಗಿ ಇದ್ದಿರಲಿಕ್ಕಿಲ್ಲ. ಎರಡನೇ ಅಕ್ಷರದ ಪ್ರಕಾರ ಗುಂಪುಗುಂಪಾಗಿ ಇದ್ದಿರಬೇಕು. ಮಾಷ್ಟ್ರ ತಲೆಯಲ್ಲಿ ಇವತ್ತಿಗೂ ಹಾಗೇ ಉಂಟು. ಯಕ್ಷಗಾನದ ಪದ್ಯಕ್ಕೆ ಆದಿಪ್ರಾಸ ಈಗಲೂ ಬೇಕೇ ಬೇಕು. ಅದಿಲ್ಲದ ಪದ್ಯವನ್ನು ಭಾಗವತರು ಹಾಡಬಹುದು, ಆದರೆ ಎದುರು ಕೂತ ಹಳಬರು ಆಮೇಲೆ ವೇಷ ಕಟ್ಟುವ ಚೌಕಿಗೆ ಬಂದು ಕೇಳದೆ ಬಿಡುವುದಿಲ್ಲ.

ಬರೀ ವ್ಯಂಜನ ಒಂದೇ ಆದರೆ ಸಾಲದು ಅನ್ನುವುದು ಇದರ ಸೊಗಸಾದ ಭಾಗ. ಎರಡನೇ ಅಕ್ಷರದ ಹಿಂದೆ ಏನಿದೆ ಅನ್ನುವುದೂ ಲೆಕ್ಕ. ಇದಕ್ಕೆ ಆರು ಜಾತಿ ಮಾಡಿ, ಆರಕ್ಕೂ ಪ್ರಾಣಿಗಳ ಹೆಸರಿಟ್ಟಿದ್ದಾರೆ. ಹತ್ತನೇ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿ ಈ ಆರೂ ಸಿಗುತ್ತವೆ. ಮೊದಲ ಅಕ್ಷರ ಗಿಡ್ಡವಾಗಿದ್ದರೆ ಸಿಂಹ. ದೀರ್ಘವಾಗಿದ್ದರೆ ಗಜ. ಸೊನ್ನೆ ಬಂದರೆ ವೃಷಭ. ವಿಸರ್ಗ ಬಂದರೆ ಅಜ, ಅಂದರೆ ಆಡು. ಬೇರೆ ಬೇರೆ ವ್ಯಂಜನ ಸೇರಿದ ಒತ್ತಕ್ಷರ ಆದರೆ ಶರಭ. ಅದೇ ಅಕ್ಷರಕ್ಕೆ ಅದೇ ಒತ್ತು ಬಂದರೆ ಹಯ.

ಮಾಷ್ಟ್ರು ಇದನ್ನು ವಿವರಿಸಿದ್ದು ಛಂದಸ್ಸಿನ ಪುಸ್ತಕದ ಉದಾಹರಣೆಗಳಿಂದ ಅಲ್ಲ. "ನಮ್ಮ ಊರಿನ ಎತ್ತು ಬೇಕಾ? ತೆಕೋ. ಮಂಗಳೂರು, ಬಂಗುಡೆ, ತೆಂಗು, ಕಂಗು, ಹಿಂಗಾರ, ಅಂಗಡಿ, ತಿಂಗಳು." ಎಲ್ಲವೂ ಸೊನ್ನೆ ಆದ ಮೇಲೆ 'ಗ'ಕಾರ. ಎಲ್ಲವೂ ವೃಷಭಪ್ರಾಸ. ಬಂಗುಡೆಯನ್ನು ಛಂದಸ್ಸಿಗೆ ತಂದ ಶುದ್ಧ ಸಸ್ಯಾಹಾರಿ ಅವರೊಬ್ಬರೇ ಇರಬೇಕು. ಗಜಕ್ಕೆ ಕಾಡು, ತೋಡು, ಮೋಡ, ಬೀಡಿ. ಸಿಂಹಕ್ಕೆ ಕಡಲು, ಹಡಗು, ಗುಡುಗು, ಒಡಲು. ಹಯಕ್ಕೆ ಪುತ್ತೂರು, ಮುತ್ತು, ಕತ್ತಲೆ, ಸುತ್ತಿಗೆ. ಮೂರು ಚೌಕದ 'ಡು' ಪದಗಳೆಲ್ಲ ಯಾಕೆ ಗಿಡ್ಡ ಅಕ್ಷರದಿಂದ ಶುರುವಾಗುತ್ತವೆ ಅಂತ ನನಗೆ ಗೊತ್ತಾದದ್ದು ಆ ದಿನವೇ. "ಅದೆಲ್ಲ ಸಿಂಹದ ಬಿಡಾರ. ಆನೆಯನ್ನು ಅಲ್ಲಿ ಹುಡುಕಬೇಡ" ಅಂದರು.

ಶರಭಕ್ಕೆ ಅವರು ಕೊಟ್ಟ ಉದಾಹರಣೆ ನಂದಳಿಕೆಯದ್ದು. ಆ ಊರಿನ ಮುದ್ದಣ ಕವಿ (1870–1901) ರಾಮಾಶ್ವಮೇಧದಲ್ಲಿ ಹೇಳಿದ ಮಾತು ಎಲ್ಲರಿಗೂ ಬಾಯಿಪಾಠ: "ಪದ್ಯಂ ವಧ್ಯಂ, ಗದ್ಯಂ ಹೃದ್ಯಂ." ಪದ್ಯ ಸಾಕು, ಗದ್ಯವೇ ಚೆಂದ ಅನ್ನುವ ಮಾತು. ಆದರೆ ಆ ನಾಲ್ಕು ಪದಗಳನ್ನು ಚೌಕಕ್ಕೆ ಹಾಕಿ. ಎಲ್ಲವೂ ಎರಡು ಚೌಕ. ಎರಡನೆಯದರಲ್ಲಿ ಮೂರು ಕಡೆ 'ದ್ಯಂ', ಒಂದು ಕಡೆ ಮಾತ್ರ 'ಧ್ಯಂ'. ಪದ್ಯವನ್ನು ಕೊಲ್ಲಬೇಕು ಅನ್ನಲಿಕ್ಕೂ ಪ್ರಾಸವೇ ಬೇಕಾಯಿತು! ಬಾಯಿಗೆ ಬಂದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಅದನ್ನು ನಿಜವಾಗಿ ಬಿಟ್ಟವರೂ ನಮ್ಮ ಕರಾವಳಿಯವರೇ. ಮಂಗಳೂರಿನಲ್ಲಿ 1883ರಲ್ಲಿ ಹುಟ್ಟಿ ಮಂಜೇಶ್ವರದಲ್ಲಿ ಬದುಕಿದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಕೈಬಿಟ್ಟು ಕವಿತೆ ಬರೆದರು. ಕವಿತೆಗೆ ಅದರಿಂದ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ಎರಡನೇ ಅಕ್ಷರಕ್ಕಾಗಿ ಅರ್ಥವನ್ನು ಎಳೆದಾಡುವ ಪದ್ಯಗಳನ್ನು ನಾನೂ ಸಾಕಷ್ಟು ಓದಿದ್ದೇನೆ. ಆದರೆ ಪದ ಹುಡುಕುವ ಒಂದು ದಾರಿ ಓದುವವರ ಮನೆಗಳಿಂದ ಮೆಲ್ಲಗೆ ಹೊರಟುಹೋಯಿತು. ಯಕ್ಷಗಾನದ ಮೇಳಗಳ ಹತ್ತಿರ ಉಳಿಯಿತು. ಈಗ ಪದಬಂಧದ ಎದುರು ಕೂತ ನನ್ನಂಥವರಿಗೆ ಬೇಕಾಗಿರುವುದು ಅದೇ ದಾರಿ. ನಿಘಂಟಿನ ದಾರಿಯಲ್ಲಿ ಮೊದಲ ಅಕ್ಷರ ಇಲ್ಲದೆ ಒಂದು ಹೆಜ್ಜೆ ಇಡಲಿಕ್ಕೂ ಆಗುವುದಿಲ್ಲ.

ಇಷ್ಟು ಕೇಳಿದ ಮೇಲೆ ಇದನ್ನು ಕಂಪ್ಯೂಟರಿನಲ್ಲಿ ಮಾಡಬಹುದಲ್ಲ ಅಂತ ಅನ್ನಿಸದೆ ಇರುತ್ತದಾ? ಎಂಜಿನಿಯರಿಂಗ್ ಓದುವ ಅಕ್ಕನ ಮಗಳ ತಲೆಗೆ ಹುಳ ಬಿಟ್ಟೆ. "ಸುಲಭ ಮಾಮ, ಖಾಲಿ ಜಾಗಕ್ಕೆ ಒಂದು ಚುಕ್ಕಿ ಹಾಕಿದ್ರೆ ಆಯ್ತು" ಅಂದಳು. ಇಂಗ್ಲಿಷಿಗೆ ಅಷ್ಟೇ ಸಾಕು. ಒಂದು ಚುಕ್ಕಿ, ಒಂದು ಅಕ್ಷರ.

ಕನ್ನಡದಲ್ಲಿ ಕಂಪ್ಯೂಟರ್ ಎಣಿಸುವುದು ಚೌಕ ಅಲ್ಲ, ಚಿಹ್ನೆ. ಯೂನಿಕೋಡಿನಲ್ಲಿ ವ್ಯಂಜನಕ್ಕೊಂದು ಸಂಕೇತ, ಗುಡಿಸಿಗೊಂದು, ಕೊಂಬಿಗೊಂದು, ಸೊನ್ನೆಗೊಂದು, ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಗುರುತಿಗೊಂದು. 'ಲಕ್ಷ್ಮಿ' ನಮಗೆ ಎರಡು ಚೌಕ, ಅದಕ್ಕೆ ಏಳು ಸಂಕೇತ: ಲ, ಕ, ಅರ್ಧದ ಗುರುತು, ಷ, ಮತ್ತೆ ಅರ್ಧದ ಗುರುತು, ಮ, ಗುಡಿಸು. ಐದು ಚುಕ್ಕಿ ಹಾಕಿ ಹುಡುಕಿದರೆ ಉಡುಪಿಯೂ ಬರುತ್ತದೆ, ಸುಳ್ಯವೂ ಬರುತ್ತದೆ. ಒಂದು ಮೂರು ಚೌಕ, ಇನ್ನೊಂದು ಎರಡು. ಆರು ಚುಕ್ಕಿಗೆ ಮೂಲ್ಕಿಯೂ ಹೌದು, ಕಟಪಾಡಿಯೂ ಹೌದು. ನಮ್ಮ ಬಸ್ಸಿನ ಲೆಕ್ಕವೆಲ್ಲ ತಲೆಕೆಳಗು.

ಏಳು ಅನ್ನುವುದು ಸುಮ್ನೆ ಬಂದ ಲೆಕ್ಕ ಅಲ್ಲ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು 'ನುಡಿ' ತಂತ್ರಾಂಶದಲ್ಲಿ ನಾವೆಲ್ಲ ಬಳಸುತ್ತೇವೆ. ಅದರಲ್ಲಿ 'ಲಕ್ಷ್ಮಿ' ಅಂತ ಟೈಪ್ ಮಾಡಿ ನೋಡಿ. ಎಲ್, ಕೆ, ಎಫ್, ಎಕ್ಸ್, ಎಫ್, ಎಂ, ಐ. ಏಳೇ ಸಲ ಒತ್ತುತ್ತೇವೆ. ಒತ್ತಕ್ಷರ ಕೂಡಿಸುವ ಕೆಲಸ 'ಎಫ್'ನದ್ದು. ದಿನಾ ಬೆರಳಿನಲ್ಲಿ ಮಾಡುವುದನ್ನೇ ಕಂಪ್ಯೂಟರ್ ಒಳಗೆ ಇಟ್ಟುಕೊಂಡಿರುತ್ತದೆ. ಚೌಕ ಕಾಣುವುದು ನಮ್ಮ ಕಣ್ಣಿಗೆ ಮಾತ್ರ.

ಹಾಗಾಗಿ ಹುಡುಕುವ ಮೊದಲು ಪದವನ್ನು ಚೌಕಗಳಾಗಿ ಕತ್ತರಿಸಿಕೊಳ್ಳಬೇಕು. ಅದರ ನಿಯಮ ಚಿಕ್ಕದು. ಸ್ವತಂತ್ರ ಸ್ವರ ಬಂದರೆ ಹೊಸ ಚೌಕ. ವ್ಯಂಜನ ಬಂದರೂ ಹೊಸ ಚೌಕ, ಆದರೆ ಅದಕ್ಕಿಂತ ಮೊದಲೇ ಅರ್ಧಾಕ್ಷರದ ಗುರುತು ಬಂದಿದ್ದರೆ ಹಳೆಯದಕ್ಕೇ ಸೇರಬೇಕು. ಉಳಿದ ಗುಡಿಸು, ಕೊಂಬು, ಸೊನ್ನೆ, ವಿಸರ್ಗ ಎಲ್ಲ ಹಿಂದಿನದಕ್ಕೆ ಅಂಟಿಕೊಳ್ಳುತ್ತವೆ. ಇಷ್ಟು ಹೇಳಿಕೊಟ್ಟರೆ ಸುರತ್ಕಲ್ ಸರಿಯಾಗಿ ನಾಲ್ಕಾಗುತ್ತದೆ, ಬೆಳ್ತಂಗಡಿಯೂ ನಾಲ್ಕಾಗುತ್ತದೆ.

ಆಮೇಲೆ ಕೊಳೆ ತೊಳೆಯುವ ಕೆಲಸ. ಎಷ್ಟೋ ಜನ ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನೇ ಒತ್ತಿರುತ್ತಾರೆ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಸಂಬಂಧವೇ ಇಲ್ಲ. 'ಕೋ' ಅನ್ನುವುದನ್ನು ಒಂದೇ ಓತ್ವದ ಚಿಹ್ನೆಯಾಗಿಯೂ ಇಡಬಹುದು, ಏತ್ವ, ಕೊಂಬಿನ ದೀರ್ಘ, ಇನ್ನೊಂದು ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಮೊದಲು ಇವನ್ನೆಲ್ಲ ಒಂದೇ ರೂಪಕ್ಕೆ ತರದಿದ್ದರೆ 'ಕೋಳಿ' ಎದುರಿಗೇ ಇದ್ದರೂ ಸಿಗುವುದಿಲ್ಲ.

ಪದಗಳ ಪಟ್ಟಿ ಎಲ್ಲಿಂದ ತರುವುದು? ಕನ್ನಡ ವಿಕಿಪೀಡಿಯದ ಪಠ್ಯವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅದರಲ್ಲಿ ಉಡುಪಿಯ, ಉಡುಪಿಗೆ, ಉಡುಪಿಯಲ್ಲಿ, ಉಡುಪಿಯಿಂದ, ಉಡುಪಿಯವರು ಎಲ್ಲ ಬೇರೆ ಬೇರೆ ಪದಗಳು. ವಿಭಕ್ತಿ ಹಚ್ಚಿದ್ದನ್ನು ಪದಬಂಧದಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ನಿಘಂಟುಗಳಲ್ಲಿ ಈ ಗೋಳಿಲ್ಲ, ಅಲ್ಲಿ ಬರೀ ಮೂಲ ಪದ. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ ಬಂತು, ಸುಮಾರು 70,000 ಪದಗಳು. ಆದರೆ ಅದರಲ್ಲಿ ಈಗ ಯಾರೂ ಆಡದ ಪದಗಳು ಬಹಳ. ಮೂರು ಚೌಕಕ್ಕೆ ಇಪ್ಪತ್ತು ಪದ ಸಿಕ್ಕಿ, ಅದರಲ್ಲಿ ಹದಿನೈದು ಪದ ನಮ್ಮ ಅಜ್ಜನಿಗೂ ಗೊತ್ತಿಲ್ಲದ್ದಾದರೆ ಏನು ಪ್ರಯೋಜನ?

ಅದಕ್ಕಿಂತ ದೊಡ್ಡ ಕಷ್ಟ ನಮ್ಮ ಮನೆಯ ಒಳಗೇ ಉಂಟು. ನಮ್ಮ ಮನೆಯಲ್ಲಿ ಮಾತಾಡುವುದು ತುಳು. ಬಸ್ಸಿನ ಗೆಳೆಯನ ಮನೆಯಲ್ಲಿ ಕೊಂಕಣಿ. ಕನ್ನಡ ನಾವು ಶಾಲೆಯಲ್ಲಿ, ಪೇಪರಿನಲ್ಲಿ, ಆಟದ ಬಯಲಿನಲ್ಲಿ ಕಲಿತದ್ದು. ಇಲ್ಲಿಯ ಕನ್ನಡದಲ್ಲೂ ಘಟ್ಟದ ಮೇಲಿನವರಿಗೆ ಗೊತ್ತಿಲ್ಲದ ಪದಗಳು ತುಂಬ. ಅಮ್ಮ ಪದಬಂಧ ಬಿಡಿಸುವಾಗ ಇದು ದಿನಾ ಕಾಣುತ್ತದೆ. 'ಬೇಸಿಗೆಯಲ್ಲಿ ತಂಪು ಕೊಡುವ ಹಣ್ಣು, ನಾಲ್ಕು ಅಕ್ಷರ' ಅಂದರೆ ಅವರ ಪೆನ್ನು 'ಬಚ್ಚಂಗಾಯಿ' ಅಂತ ಬರೆದು ಆಗಿರುತ್ತದೆ. ನಾಲ್ಕು ಚೌಕಕ್ಕೆ ಚಂದ ಹೊಂದುತ್ತದೆ. ಆದರೆ ಪೇಪರಿನವರ ಮನಸ್ಸಿನಲ್ಲಿ ಇರುವುದು ಕಲ್ಲಂಗಡಿ. ಅದೂ ನಾಲ್ಕೇ! ಒಂದು ಅಕ್ಷರವೂ ಒಂದೇ ಅಲ್ಲ, ಆದರೆ ಅಚ್ಚು ಮಾತ್ರ ಬಹಳ ಹತ್ತಿರ. ಎರಡನೇ ಚೌಕದಲ್ಲಿ ದ್ವಿತ್ವ, ಅದರ ಮೇಲೆ ಸೊನ್ನೆ, ಮೂರರಲ್ಲಿ 'ಗ'ಕಾರ. ಮಾಷ್ಟ್ರ ಲೆಕ್ಕದಲ್ಲಿ ಎರಡೂ ಕುದುರೆಗಳೇ, ಬಣ್ಣ ಬೇರೆ.

ಎಳನೀರಿಗೆ ನಾಲ್ಕು ಚೌಕ, ಸೀಯಾಳಕ್ಕೆ ಮೂರು, ಬೊಂಡಕ್ಕೆ ಎರಡು. ಮೂರೂ ಒಂದೇ ಕಾಯಿ, ಗಾಡಿಯವನು ಕೊಚ್ಚಿಕೊಡುವುದೂ ಒಂದೇ ಕತ್ತಿಯಲ್ಲಿ. ಒಂದೆಲಗಕ್ಕೆ ನಾಲ್ಕು, ನಮ್ಮ ತಿಮರೆಗೆ ಮೂರು. ಈ 'ತಿಮರೆ' ಕನ್ನಡ ಪದಗಳ ಪಟ್ಟಿಗೆ ಸೇರಬೇಕೋ ಬೇಡವೋ? ಅಕ್ಕನ ಮಗಳು ಸೇರಿಸಿದಳು. ಗೆಳೆಯ ತಕರಾರು ತೆಗೆದ. "ತುಳುವಿಗೆ ಬೇರೆಯೇ ನಿಘಂಟು ಉಂಟಲ್ಲ ಮಾರಾಯ." ಉಂಟು, ಅದೂ ನಮ್ಮ ಮನೆ ಹತ್ತಿರವೇ ಆದದ್ದು. ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳ ತುಳು ನಿಘಂಟು ತಂದಿದೆ. ಪ್ರಾಸ ಬಿಟ್ಟ ಪೈಗಳ ಹೆಸರಿನ ಮನೆಯಲ್ಲಿ ಇಷ್ಟು ದೊಡ್ಡ ಪದಸಂಗ್ರಹ ಆಗಿದೆ ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ಆದರೂ ನನ್ನ ಮತ ತಿಮರೆ ಕಡೆಗೇ. ಇಲ್ಲಿ ಕನ್ನಡ ಮಾತಾಡುವವರು ಚಟ್ನಿ ಮಾಡುವುದು ತಿಮರೆಯದ್ದು. ಬಾಯಲ್ಲಿ ಇರುವುದು ಪಟ್ಟಿಯಲ್ಲೂ ಇರಲಿ. ಪೇಪರಿನ ಪದಬಂಧಕ್ಕೆ ಅದು ಬೇಡದಿದ್ದರೆ ಬಿಡಿಸುವವರೇ ತಳ್ಳಿಹಾಕುತ್ತಾರೆ.

ವರ್ಡಲ್ ಆಟದ ಬಗ್ಗೆಯೂ ಒಂದು ಮಾತು ಹೇಳಬೇಕು. ಜೋಶ್ ವಾರ್ಡಲ್ 2021ರಲ್ಲಿ ಎಲ್ಲರಿಗೂ ತೆರೆದಿಟ್ಟ ಆಟ. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಂಡಿತು. ಐದು ಅಕ್ಷರದ ಪದವನ್ನು ಆರು ಅವಕಾಶದೊಳಗೆ ಊಹಿಸಬೇಕು, ಸರಿ ಅಕ್ಷರ ಸರಿ ಜಾಗದಲ್ಲಿ ಬಿದ್ದರೆ ಚೌಕ ಹಸಿರಾಗುತ್ತದೆ. ಇದನ್ನು ಹಾಗೇ ಕನ್ನಡದ ಚೌಕಕ್ಕೆ ಇಳಿಸಿದರೆ ಯಾರೂ ಗೆಲ್ಲುವುದಿಲ್ಲ. 442ರ ಮೇಲೆ ಒತ್ತಕ್ಷರವೂ ಸೇರಿದ ರಾಶಿಯಲ್ಲಿ ಐದು ಚೌಕ ಸರಿಹೋಗಲಿಕ್ಕೆ ಆರು ಸಲ ಎಲ್ಲಿ ಸಾಕು? 'ಕೊಡುಗೆ' ಬೇಕಾದಲ್ಲಿ 'ಕಡಿಮೆ' ಹಾಕಿದರೆ ಒಂದು ಚೌಕವೂ ಹಸಿರಾಗುವುದಿಲ್ಲ. ನಿಜವಾಗಿ ನೋಡಿದರೆ 'ಕ'ಕಾರವೂ 'ಡ'ಕಾರವೂ ಸರಿ ಜಾಗದಲ್ಲೇ ಇವೆ. ವ್ಯಂಜನ ಸರಿ, ಸ್ವರ ತಪ್ಪು ಅಂತ ಹೇಳುವ ಇನ್ನೊಂದು ಬಣ್ಣ ಬೇಕು. ಹಾಗೆ ಮಾಡಿದಾಗ ಆಟ ಆಡುವ ಹಾಗೆ ಆಗುತ್ತದೆ. ಅಂದರೆ ಆದಿಪ್ರಾಸದ ನಿಯಮವೇ ಅಲ್ಲಿಗೂ ಬೇಕಾಯಿತು: ವ್ಯಂಜನ ಹಿಡಿದುಕೋ, ಸ್ವರವನ್ನು ಸಡಿಲ ಬಿಡು.

ಅಕ್ಕನ ಮಗಳಿಗೆ ಇದು ಹೊಳೆದ ಮೇಲೆ ಅವಳ ಪ್ರೋಗ್ರಾಮಿನ ರೂಪವೇ ಬದಲಾಯಿತು. ಈಗ ಎರಡು ಥರ ಹುಡುಕಬಹುದು. 'ಡು' ಅಂತ ಕೊಟ್ಟರೆ 'ಡು' ಮಾತ್ರ. 'ಡ'ಕಾರ ಅಂತ ಕೊಟ್ಟರೆ ಡ, ಡಾ, ಡಿ, ಡೆ, ಡೊ ಎಲ್ಲವೂ. ಪದಬಂಧದಲ್ಲಿ ಎರಡನೆಯದು ಯಾಕೆ ಬೇಕು ಅಂದರೆ, ಅಡ್ಡ ಬಂದ ಉತ್ತರದ ಮೇಲೆ ನಮಗೇ ಸಂಶಯ ಇರುತ್ತದೆ. ಅಲ್ಲಿ ಇರುವುದು 'ನಾಡು' ಆಗಿರಬಹುದು, 'ನಾಡಿ' ಆಗಿರಬಹುದು. ವ್ಯಂಜನ ಗಟ್ಟಿ, ಸ್ವರ ಇನ್ನೂ ಗೊತ್ತಿಲ್ಲ. ಅಂಥಲ್ಲಿ ಅಗಲ ಬಲೆಯೇ ಬೇಕು.

ಅದರ ಮೇಲೆ ಮಾಷ್ಟ್ರ ಆರು ಪ್ರಾಣಿಗಳೂ ಬಂದು ಕೂತವು. ಸಿಂಹ, ಗಜ, ವೃಷಭ, ಶರಭ, ಹಯ, ಅಜ ಅಂತ ಆರು ಬಟನ್. ಗಜ ಒತ್ತಿ 'ವ'ಕಾರ ಕೊಟ್ಟರೆ ಹಾವು, ಕಾವಲಿ, ದೇವರು, ಜೀವನ, ಸೇವಂತಿಗೆ ಅಂತ ಸಾಲಾಗಿ ಬರುತ್ತವೆ. ಕುಮಾರವ್ಯಾಸನಿಗೆ ಇದು ಬೇಕಾಗಿರಲಿಲ್ಲ ಬಿಡಿ. ಹವ್ಯಾಸಿ ತಂಡಕ್ಕೆ ರಾತ್ರಿ ಬೆಳಗಾಗುವುದರೊಳಗೆ ಪದ್ಯ ಬೇಕು ಅಂದಾಗ ಮಾಷ್ಟ್ರಿಗೂ ಬೇಕಾಗಲಿಕ್ಕಿಲ್ಲ ಅಂದುಕೊಂಡಿದ್ದೆ. ಮೊಬೈಲಿನಲ್ಲಿ ಹಾಕಿಕೊಟ್ಟ ಮೇಲೆ ನೋಡಿದರೆ ಅವರೇ ಹೆಚ್ಚು ಬಳಸುವವರು. "ನನಗೆ ಹೊಳೆಯದ್ದು ಎಷ್ಟು ಉಂಟು ಅಂತ ನೋಡ್ಲಿಕ್ಕೆ" ಅಂತ ಸಮಜಾಯಿಷಿ ಬೇರೆ.

ಈಗ ನಡೆಯುತ್ತಿರುವ ಜಗಳ ಆಡಿನದ್ದು. ಅಜ ಬಟನ್ ಒತ್ತಿದರೆ ದುಃಖ, ನಿಃಶಬ್ದ ಅಂತ ಬೆರಳೆಣಿಕೆಯ ಪದ ಬಂದು ನಿಲ್ಲುತ್ತದೆ. ಪರದೆಯಲ್ಲಿ ಜಾಗ ದಂಡ, ತೆಗೆದುಹಾಕುತ್ತೇನೆ ಅಂತ ಅಕ್ಕನ ಮಗಳು. ತೆಗೆಯಲಿಕ್ಕೆ ಬಿಡುವುದಿಲ್ಲ ಅಂತ ಮಾಷ್ಟ್ರು.

"ಯಾರೂ ಒತ್ತೋದೇ ಇಲ್ಲ ಮಾಷ್ಟ್ರೆ."

"ನಾನು ಒತ್ತುತ್ತೇನಲ್ಲ. ನಾಗವರ್ಮ ಆರು ಅಂದಿದ್ದಾನೆ. ಐದು ಮಾಡ್ಲಿಕ್ಕೆ ನೀನು ಯಾರು?"

ಬಟನ್ ಸದ್ಯಕ್ಕೆ ಅಲ್ಲೇ ಉಂಟು. ಸ್ವಲ್ಪ ಸಣ್ಣದಾಗಿದೆ ಅಷ್ಟೆ.